ಬಸ್ಸಿನ ಬಲಮಗ್ಗುಲು

ಮೊದಲು ಕೈಯಿಂದ ಶುರು ಮಾಡುವುದೋ ಮುಖದಿಂದಲೋ ಎಂಬುದೇ ಪೆಂಗೆಲಿಗೆ ತೀರ್ಮಾನವಾಗಲಿಲ್ಲ. ಕೈಯಲ್ಲಿದ್ದ, ಬಿಸಿಗಾಳಿ ಊದುವ ಹೀಟ್ ಗನ್ ಆಗಲೇ ಬಿಸಿಯಾಗಿ ಗುಂಯ್‌ಗುಡುತ್ತಿತ್ತು. ಜುಲೈ ಎಂದರೆ ಈ ದಕ್ಷಿಣಗೋಲದ ಮರುಭೂಮಿಗೆ ಚಳಿಗಾಲ, ಬೆಳಗಿನ ಚಳಿಗೆ ಶೆಡ್ಡಿನ ತಗಡು ಇನ್ನೂ ಮುದುರಿಕೊಂಡೇ ಇತ್ತು. ಬಿಸಿಲೇರಿದ ಮೇಲೆ ಅದು ಟಪ್ ಟಪ್ಪೆಂದು ಹಿಗ್ಗುವ ಸದ್ದಿಗೆ ಅವನು ದಿನಾ ಕಾಯುತ್ತಿದ್ದ, ಇವತ್ತು ಮಾತ್ರ ಅದು ಬಾರದೆ ಇದ್ದರೇ ಒಳ್ಳೆಯದು ಅನ್ನಿಸಿತು. ಬೋರ್ಡು ಮಾಡುವ ಅವನಿಗೆ ಹಳೆಯ ವಿನೈಲ್, ಅಂದರೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ, ಕೀಳುವುದು ಹೊಸ ಕೆಲಸವೇನಲ್ಲ. ಮುಚ್ಚಿಹೋದ ಅಂಗಡಿಗಳ ಹೆಸರು, ಸೋತ ಅಭ್ಯರ್ಥಿಗಳ ನಗು, ಬರಿದಾದ ಗಣಿಗಳ ಗುರುತು, ಎಲ್ಲವನ್ನೂ ಕಿತ್ತಿದ್ದಾನೆ. ಒಂದು ಮೂಲೆ ಹಿಡಿದುಕೊಳ್ಳಬೇಕು. ಮುಟ್ಟಿದರೆ ಕೈ ಸುಡದಷ್ಟೇ ಕಾಯಿಸಬೇಕು. ನೆಟ್ಟಗೆ ಎತ್ತಿ ಎಳೆಯಬಾರದು. ತನ್ನ ಮೇಲೇ ಮಡಿಚಿಕೊಂಡು ಬರುವ ಹಾಗೆ ಮಲಗಿಸಿ, ನಿಧಾನವಾಗಿ. ಅವಸರ ಮಾಡಿದರೆ ಉಗುರಿನಷ್ಟು ಉಗುರಿನಷ್ಟೇ ಚೂರಾಗಿ ದಿನವೆಲ್ಲ ಕೆರೆಯುತ್ತ ಕೂರಬೇಕಾಗುತ್ತದೆ. ಆದರೆ ಅದೆಲ್ಲ ಚೌಕಗಳ ಮಾತು. ಮೈಯ ಅಂಚಿಗೆ ಸರಿಯಾಗಿ ಕತ್ತರಿಸಿ ಅಂಟಿಸಿದ ಮನುಷ್ಯನಿಗೆ ಮೂಲೆ ಎಂಬುದೇ ಇರುವುದಿಲ್ಲ. ಮಿನಿಬಸ್ಸಿನ ಬಲಮಗ್ಗುಲ ತುಂಬ, ಸೊಂಟದಿಂದ ಮೇಲಕ್ಕೆ, ಬಲಗೈ ಎತ್ತಿ ನಗುತ್ತ ನಿಂತಿದ್ದವನು ಅದೇ ಬಸ್ಸಿನ ಚಾಲಕ. ಕಿಡ್ನಿ ಕೆಟ್ಟವರನ್ನು ರಕ್ತ ಶುದ್ಧಿ ಮಾಡಿಸಲು ಮನೆಯಿಂದ ಕರೆದೊಯ್ದು ಮನೆಗೆ ಬಿಡುತ್ತಿದ್ದವನು. ಅವನ ಎತ್ತಿದ ಕೈಯ ಪಕ್ಕದಲ್ಲಿ ದಪ್ಪಕ್ಷರದಲ್ಲಿತ್ತು: ಪರೀಕ್ಷೆ ಮಾಡಿಸ್ಕೊಂಡ್ಯಾ?

ಬೆಳಿಗ್ಗೆ ಬಸ್ಸು ತಂದು ಶೆಡ್ಡಿನೊಳಗೆ ನಿಲ್ಲಿಸಿದ ಲೊರೇನ್ ಚಾಲಕನ ಬಾಗಿಲಿನಿಂದ ಇಳಿಯಲಿಲ್ಲ. ಅದು ಬಲಗಡೆಗಿತ್ತು. ಸೀಟು ದಾಟಿ, ಒಳಗಿನಿಂದಲೇ ನಡೆದು, ಎಡಗಡೆಯ ಬಾಗಿಲಿನಿಂದ ಇಳಿದಳು. ಇಳಿದವಳು ಬಸ್ಸಿಗೆ ಬೆನ್ನು ಹಾಕಿ ನಿಂತು, ಗೋಡೆಗೆ ಒರಗಿಸಿಟ್ಟಿದ್ದ ವಿನೈಲ್ ಸುರುಳಿಗಳನ್ನು ನೋಡುತ್ತ ಮಾತಾಡಿದಳು. ದವಾಖಾನೆಯ ವಾಹನಗಳೆಲ್ಲ ಅವಳ ಉಸ್ತುವಾರಿ. ತೀರಿಹೋದ ಆ ಚಾಲಕ ಅವಳ ದೊಡ್ಡಮ್ಮನ ಮಗ. ಅವರಲ್ಲಿ ಹಾಗೆ ಬೇರೆ ಲೆಕ್ಕವಿಲ್ಲ, ಅಣ್ಣನೇ.

"ತೆಗೆದುಬಿಡು. ಇವತ್ತೇ ಆಗ್ಬೇಕು."

"ಯಾವಾಗ ಹೋದ?"

"ನಿನ್ನೆ. ಹಾರ್ಟು. ಬಸ್ಸು ತೊಳೀತಿದ್ದ. ಪೈಪು ಹಿಡ್ಕೊಂಡೇ ಕೂತುಬಿಟ್ನಂತೆ. ನೀರು ಹಾಗೇ ಹರೀತಾ ಇತ್ತು."

ಯಾವ ಮಗ್ಗುಲನ್ನು ತೊಳೆಯುತ್ತಿದ್ದ ಎಂದು ಪೆಂಗೆಲಿಗೆ ಕೇಳಬೇಕೆನಿಸಿತು. ಅದರ ಬದಲು, "ನಂಬಕ್ಕೇ ಆಗ್ತಿಲ್ಲ ಲೊರೇನ್, ಮೊನ್ನೆ ಇನ್ನೂ ಈ ರಸ್ತೇಲೇ..." ಎಂದು ಶುರು ಮಾಡಿದವನ ನಾಲಗೆಯ ತುದಿಗೆ ಹೆಸರು ಬಂದೇಬಿಟ್ಟಿತ್ತು. ಲೊರೇನ್ ತಿರುಗದೆಯೇ ಅಂಗೈ ಎತ್ತಿದಳು.

"ಬೇಡ."

"ಸರಿ."

"ದೊಡ್ಡಮ್ಮನ್ನ ನಾಳೆ ಬೆಳಿಗ್ಗೆ ಕರ್ಕೊಂಡು ಹೋಗ್ಬೇಕು. ಊರಾಚೆ ನಮ್ಮ ಜನ ಎಲ್ರೂ ದುಃಖಕ್ಕೆ ಬಿಡಾರ ಹಾಕ್ಕೊಂಡು ಕಾಯ್ತಾ ಕೂತಿದಾರೆ. ಹೆತ್ತವಳು ಹೋಗಿ ಕೂರದೆ ಅಳೋದು ಶುರುವಾಗಲ್ಲ. ಗಾಲಿಕುರ್ಚಿ ಎತ್ತೋ ಯಂತ್ರ ಈ ಊರಲ್ಲಿ ಇರೋದು ಇದೊಂದೇ ಬಸ್ಸಲ್ಲಿ. ಅವನ ಮುಖ ಇರೋ ಬಸ್ಸು ಅವಳು ಹತ್ತಲ್ಲ. ಚೂರು ಉಳಿದ್ರೂ ಹತ್ತಲ್ಲ."

"ಆಗತ್ತೆ ಬಿಡು."

"ಆಗ್ಬೇಕು, ಕುಮನ್ಜಾಯಿ."

ಅವಳು ಹೋದವನನ್ನು ಮಾತಾಡಿಸುತ್ತಿದ್ದಾಳೆ ಎಂದೇ ಅವನು ತಿಳಿದ. ಬಾಗಿಲಾಚೆ ಅವಳ ಹೆಜ್ಜೆ ಜಲ್ಲಿಯ ಮೇಲೆ ಕರಕರ ಎಂದು ದೂರವಾದ ಮೇಲೆ, ಹೀಟ್ ಗನ್ನಿನ ತಂತಿ ಬಿಡಿಸುತ್ತಿದ್ದಾಗ, ಆ ಮಾತು ತನಗೆ ಹೇಳಿದ್ದು ಎಂದು ಹೊಳೆಯಿತು. ತೀರಿಕೊಂಡವನ ಹೆಸರನ್ನು ಅವನ ಜನ, ಈ ಮರುಭೂಮಿಯ ಮೂಲನಿವಾಸಿಗಳು, ಬಾಯಿಗೆ ತರುವುದಿಲ್ಲ, ಪಟ ಕಣ್ಣಿಗೆ ಬೀಳಗೊಡುವುದಿಲ್ಲ. ಹೆಸರಿದ್ದ ಜಾಗಕ್ಕೆ ಕುಮನ್ಜಾಯಿ ಎಂಬ ಮಾತನ್ನು ಇಡುತ್ತಾರೆ. ಊರಿನಲ್ಲಿ ಅದೇ ಹೆಸರಿನವರು ಬೇರೆ ಯಾರಿದ್ದರೂ ಅಂದಿನಿಂದ ಅವರೂ ಕುಮನ್ಜಾಯಿಗಳೇ, ವರ್ಷವೋ ಎರಡು ವರ್ಷವೋ, ದುಃಖ ತೀರಿತೆಂದು ಮನೆಯವರು ಹೇಳುವ ತನಕ. ಇದೆಲ್ಲ ಪೆಂಗೆಲಿಗೆ ಗೊತ್ತಿದ್ದದ್ದೇ, ಪಕ್ಕದ ಮನೆಯವರ ಉಪವಾಸದ ದಿನ ನಮಗೆ ಗೊತ್ತಿರುವ ಹಾಗೆ. ಪೆಂಗೆಲಿ ಎಂಬುದು ಅವನ ಮನೆತನದ ಹೆಸರು, ಕರೆಯುವ ಹೆಸರು ಅವರಿಬ್ಬರದೂ ಒಂದೇ ಆಗಿತ್ತು. ಪಾದ್ರಿಗಳು ಒಂದು ಕಾಲದಲ್ಲಿ ಬಿಳಿಯರು ಕರಿಯರು ಎರಡೂ ಕಡೆಯ ಮಕ್ಕಳಿಗೆ ಒಂದೇ ಪುಸ್ತಕದಿಂದ ತೆಗೆದು ಹಂಚಿದ ಹೆಸರು. ಶೆಡ್ಡಿನ ಹೊರಗೆ, ಬಾಗಿಲ ಮೇಲೆ, ಪೆಂಗೆಲಿಯೇ ಕತ್ತರಿಸಿ ಅಂಟಿಸಿದ ಕೆಂಪಕ್ಷರಗಳಲ್ಲಿ ಅದೇ ಹೆಸರಿತ್ತು.

ಕಡೆಗೆ ಅಕ್ಷರಗಳಿಂದ ಶುರು ಮಾಡಿದ. ಅವು ಸುಲಭವಾಗಿ ಬಂದವು. ಪರೀಕ್ಷೆ ಹೋಯಿತು, ಮಾಡಿಸ್ಕೊಂಡ್ಯಾ ಹೋಯಿತು, ಪ್ರಶ್ನೆಯ ಚಿಹ್ನೆ ಬೆರಳಿಗೆ ಸುತ್ತಿಕೊಂಡು ಬಿಡಿಸಿಕೊಳ್ಳಲು ಕೊಸರಾಡಿತು. ಆಮೇಲೆ ಎತ್ತಿದ ಕೈ. ಬೆರಳುಗಳ ತುದಿಯಲ್ಲಿ ವಿನೈಲ್ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು, ವಯಸ್ಸಾದವರ ಹಿಮ್ಮಡಿಯ ಹಾಗೆ. ಬಿಸಿಗಾಳಿ ತಾಕಿದ ಕೂಡಲೇ ಮೆತ್ತಗಾಗಿ ಬಾಗಿತು. ಅಂಗೈ, ಮಣಿಕಟ್ಟು, ಮೊಣಕೈ. ಕಿತ್ತದ್ದನ್ನು ಎಲ್ಲಿ ಹಾಕುವುದು ಎಂಬುದು ಅವನಿಗೆ ಆಗ ಹೊಳೆಯಿತು. ಯಾವತ್ತೂ ಹೊಳೆಯದ ಪ್ರಶ್ನೆ. ಹೊರಗಿನ ಡಬ್ಬಿಗೆ ಎಸೆದರೆ ಗಾಳಿಗೆ ಹಾರಿ ಯಾರದೋ ಬೇಲಿಗೆ ಒಂದು ಬೆರಳು ಸಿಕ್ಕಿಕೊಳ್ಳಬಹುದು. ಒಂದು ದೊಡ್ಡ ಮೇಣದ ಕಾಗದ ಹಾಸಿ, ಚೂರುಗಳನ್ನೆಲ್ಲ ಅದರ ಮೇಲೆ ಬೋರಲಾಗಿ ಅಂಟಿಸುತ್ತ ಹೋದ. ಬೋರಲಾಗಿ ಎಂದು ಯಾರೂ ಹೇಳಿರಲಿಲ್ಲ.

ವರ್ಷಗಳ ಹಿಂದೆ ಆ ಪಟ ಮುದ್ರಣವಾದ ದಿನ ಚಾಲಕ ಇಲ್ಲೇ, ಪ್ರಿಂಟರಿನ ಪಕ್ಕದಲ್ಲೇ ನಿಂತಿದ್ದ. ಮೊದಲು ಬೆರಳ ತುದಿ, ಆಮೇಲೆ ಕೂದಲು, ಹಣೆ. ಗೆರೆಗೆರೆಯಾಗಿ ತಾನು ಇಳಿದು ಬರುವುದನ್ನು ನೋಡಿ ಅವನಿಗೆ ನಗು ತಡೆಯಲಾಗಿರಲಿಲ್ಲ. "ಅಬ್ಬ, ಮೂಗು ಬರ್ತಿದೆ ನೋಡು. ಇನ್ನೂ ಬರ್ತಾನೇ ಇದೆ. ಇದೊಂದು ಮುಗಿಯೋದ್ರೊಳಗೆ ಟೀ ಕುಡ್ದು ಬರೋಣ್ವಾ?" ಆಮೇಲೆ, "ಒಂದೇ ಹೆಸ್ರು ಇಬ್ರಿಗೆ. ಹೆಸರು ನಿನ್ನ ಬಾಗಿಲ ಮೇಲೆ ಹಾಕ್ಕೊಂಡೆ, ಮುಖ ನನ್ನ ಬಸ್ಸಿಗೆ ಹಾಕ್ದೆ. ಊರಲ್ಲಿ ಇನ್ನು ನಮ್ಮಿಂದ ತಪ್ಪಿಸ್ಕೊಳ್ಳೋ ಜಾಗ ಯಾವ್ದೂ ಉಳೀಲಿಲ್ಲ ಬಿಡು." ಪೆಂಗೆಲಿಗೆ ಹೀಗೆ ಕೂಡಲೇ ತಿರುಗಿ ಏನಾದರೂ ಹೇಳಲು ಬರುತ್ತಿರಲಿಲ್ಲ. ಹೂಂ ಅಂದಿದ್ದ. ಶಾಯಿಯ ವಾಸನೆ ಕೋಣೆ ತುಂಬಿತ್ತು. ಆ ವಾಸನೆ ಇರುವವರೆಗೆ ಹಾಳೆ ಇನ್ನೂ ಉಸಿರಾಡುತ್ತಿದೆ ಎಂದರ್ಥ. ಅದನ್ನು ಸಡಿಲವಾಗಿ ಬಿಚ್ಚಿ ಹರವಬೇಕು, ಒಂದು ಹಗಲು ಒಂದು ರಾತ್ರಿಯಾದರೂ ಆರಲು ಬಿಡಬೇಕು, ಆಮೇಲಷ್ಟೇ ಮೇಲೆ ಲ್ಯಾಮಿನೇಶನ್. ಕಸುಬು ಕಲಿತ ಮೊದಲ ವಾರದಲ್ಲೇ ಕಲಿಯುವ ಮಾತು ಇದು. ಮರುದಿನವೇ ಬಸ್ಸಿನ ಉದ್ಘಾಟನೆ, ಯಾರೋ ದೊಡ್ಡವರು ಬರುತ್ತಾರೆ ಎಂದು ದವಾಖಾನೆಯವರು ಅವಸರ ಮಾಡಿದರು. ಆಗುವುದಿಲ್ಲ ಎಂದು ಹೇಳುವುದು ಪೆಂಗೆಲಿಗೆ ಯಾವತ್ತೂ ಕಷ್ಟವೇ. ಅಂದೇ ಸಂಜೆ ಹಸಿ ಹಾಳೆಯ ಮೇಲೆ ಪಾರದರ್ಶಕ ಪೊರೆ ಎಳೆದು ಒತ್ತಿಬಿಟ್ಟ. ಉಸಿರು ಒಳಗೇ ಸಿಕ್ಕಿಕೊಂಡಿತು. ವಾರ ಕಳೆಯುವುದರೊಳಗೆ ಎಡಗೆನ್ನೆಯ ಮೇಲೆ ಗುಳ್ಳೆಗಳೆದ್ದವು. ಶಾಲೆಯ ಮಕ್ಕಳು ಬಸ್ಸಿನ ಹಿಂದೆ ಓಡುತ್ತ, "ಮಾಮಾ, ಬಾಯಲ್ಲಿ ಏನಿಟ್ಕೊಂಡಿದೀಯ, ನಮ್ಗೂ ಕೊಡು" ಎಂದು ಕೂಗುತ್ತಿದ್ದವು. "ಇನ್ನೊಂದು ಪ್ರಿಂಟ್ ಹಾಕಿಕೊಡ್ತೀನಿ" ಎಂದಿದ್ದ ಪೆಂಗೆಲಿ. "ಇರಲಿ ಬಿಡು ಮಾರಾಯ, ಹಲ್ಲುನೋವು ಅಂದ್ಕೋತಾರೆ" ಎಂದಿದ್ದ ಚಾಲಕ. ಹಾಕಿಕೊಡಲಿಲ್ಲ. ಬಸ್ಸು ಶೆಡ್ಡಿನ ಮುಂದೆ ಹಾದುಹೋಗುವಾಗಲೆಲ್ಲ ಮೇಜಿನ ಮೇಲಿನ ಕೆಲಸಕ್ಕೆ ಬಾಗಿಬಿಡುತ್ತಿದ್ದ. ಚಾಲಕ ಹಾರ್ನ್ ಒತ್ತಿದರೆ ತಲೆಯೆತ್ತದೆ ಕೈ ಮಾತ್ರ ಎತ್ತುತ್ತಿದ್ದ. ಯಾರಿಗೆ ಕೈ ಎತ್ತುತ್ತಿದ್ದೇನೆ, ಒಳಗೆ ಕೂತವನಿಗೋ ಹೊರಗೆ ಅಂಟಿಕೊಂಡವನಿಗೋ, ಎಂಬುದು ಅವನಿಗೇ ಸ್ಪಷ್ಟವಿರಲಿಲ್ಲ.

ಈಗ ಕೆನ್ನೆ ಬರಲೊಲ್ಲದು. ಹಣೆ ಬಂತು, ಕಣ್ಣುಗಳು ಬಂದವು (ಕಣ್ಣುಗಳ ಹತ್ತಿರ ಗನ್ ಹಿಡಿದಾಗ ಪೆಂಗೆಲಿ ತನಗರಿವಿಲ್ಲದೆ ಅದನ್ನು ಸ್ವಲ್ಪ ದೂರ ಒಯ್ದಿದ್ದ), ನಗುವ ಬಾಯಿಯ ಒಂದು ಕೊನೆ ಬಂತು. ಎಡಗೆನ್ನೆಯಲ್ಲಿ ಮಾತ್ರ ಮೇಲಿನ ಪೊರೆ ಎದ್ದು, ಅಡಿಯ ಅಂಟು ಜೇನಿನಂತೆ ನೂಲೆಳೆದು ಬಸ್ಸಿಗೇ ಉಳಿಯಿತು. ಹಸಿ ಶಾಯಿಯ ಉಸಿರು ಅಂಟನ್ನು ಕೊಳೆಸಿತ್ತು. ಬಟ್ಟೆಗೆ ಕಿತ್ತಳೆ ಸಿಪ್ಪೆಯ ವಾಸನೆಯ ದ್ರಾವಣ ಸುರಿದು ಆ ಜಾಗವನ್ನು ತಿಕ್ಕತೊಡಗಿದ. ತಿಕ್ಕುತ್ತಿರುವಾಗ ಅವನಿಗೆ ತಟ್ಟನೆ ತಾನು ಒಬ್ಬ ಗಂಡಸಿನ ಕೆನ್ನೆಯನ್ನು ಇಷ್ಟು ಹೊತ್ತು ಎಂದೂ ಮುಟ್ಟಿರಲಿಲ್ಲ ಎನ್ನಿಸಿ, ಕೈ ನಿಂತಿತು. ಅಪ್ಪ ಸತ್ತಾಗಲೂ ಮುಟ್ಟಿರಲಿಲ್ಲ. ಆಸ್ಪತ್ರೆಯ ಹುಡುಗಿ, ಬೇಕಾದರೆ ಮುಟ್ಟಬಹುದು ಎಂದಾಗ ಬೇಡ ಎಂದು ಕಿಟಕಿಯ ಕಡೆ ನೋಡಿದ್ದ. ಕಿಟಕಿಯಾಚೆ ಯಾರೋ ಬೋರ್ಡೊಂದನ್ನು ಸೊಟ್ಟಗೆ ನೇತುಹಾಕುತ್ತಿದ್ದರು. ಅವನು ಅದನ್ನೇ, ಬಲಗಡೆ ಎತ್ತಬೇಕು, ಇನ್ನೂ ಸ್ವಲ್ಪ, ಎಂದುಕೊಳ್ಳುತ್ತ ನಿಂತಿದ್ದ.

ಮಧ್ಯಾಹ್ನ ಕೈ ತೊಳೆದುಕೊಂಡು ಬೇಕರಿಗೆ ಹೋದ. ಕಿಟಕಿಯಲ್ಲಿ ಆರ್ಡರು ಹೇಳಿ ಹೊರಗೆ ಬಿಸಿಲಲ್ಲಿ ಕಾಯಬೇಕು. ಯೂಕಲಿಪ್ಟಸ್ ಮರದ ಕೆಳಗಿನ ಬೆಂಚಿನಲ್ಲಿ ಕಪ್ಪು ತೊಟ್ಟ ಹೆಂಗಸರು ಕೂತಿದ್ದರು. ಒಬ್ಬಳ ಹಣೆಗೆ ಸಾವಿನ ದುಃಖದ ಗುರುತಾಗಿ ಬಳಿದ ಬಿಳಿ ಮಣ್ಣಿತ್ತು. ಪೆಂಗೆಲಿ ಅವರಿಗೆ ತಲೆಬಾಗಿದ, ಅವರೂ ಬಾಗಿದರು. ಅಷ್ಟರಲ್ಲಿ ಬೇಕರಿಯ ಟ್ರೆವರ್ ಕಿಟಕಿಯಿಂದ ತಲೆ ಹಾಕಿ ಅವನ ಹೆಸರು ಹಿಡಿದು ಕೂಗಿದ.

ಬೆಂಚಿನ ಮೇಲಿನ ಮಾತು ನಿಂತಿತು. ಪೆಂಗೆಲಿ ಕದಲಲಿಲ್ಲ. ಬೇರೆ ಯಾರನ್ನೋ ಕರೆದಂತೆ, ಆ ಬೇರೆಯವನು ತನ್ನ ಬೆನ್ನ ಹಿಂದೆಯೇ ನಿಂತಿದ್ದು ಈಗ ಓ ಎನ್ನುತ್ತಾನೆ ಎಂಬಂತೆ ಬೆನ್ನು ತಣ್ಣಗಾಯಿತು.

"ಏನೋ, ಕಿವಿ ಕೇಳ್ಸಲ್ವಾ?" ಟ್ರೆವರ್ ಇನ್ನೂ ಗಟ್ಟಿಯಾಗಿ, ಹೆಸರನ್ನು ಎಳೆದು, ಎರಡನೆಯ ಸಲ ಕೂಗಿದ. "ಸಾಸ್ ಹಾಕ್ಲೋ ಬೇಡ್ವೋ?"

ಪೆಂಗೆಲಿ ಓಡಿದಂತೆ ಹೋಗಿ ಕಿಟಕಿಗೆ ಬಾಗಿದ. "ಕೂಗ್ಬೇಡ ಮಾರಾಯ."

"ಮತ್ತೇನಂತ ಕರೀಲಿ? ಏ ಗಡ್ಡ ಅಂತ್ಲಾ?"

"ಅವರಿದಾರೆ. ನಿನ್ನೆ ಹೋದನಲ್ಲ."

ಟ್ರೆವರ್ ಬೆಂಚಿನ ಕಡೆ ನೋಡಿದ, ದನಿ ಇಳಿಸಿದ. "ಓ. ಪಾಪ, ಒಳ್ಳೆಯವ್ನು. ಆದ್ರೆ ಸತ್ತಿದ್ದು ಅವ್ನು ಕಣೋ, ನೀನಲ್ವಲ್ಲ." ಮಾಂಸದ ಪೈ ತುಂಬಿದ ಬಿಸಿ ಚೀಲವನ್ನು ಅವನ ಕೈಗಿಟ್ಟ. "ತಿನ್ನು. ಸತ್ತವರಿಗೆ ಹಸಿವಾಗಲ್ಲ, ನಿಂಗಾಗತ್ತೆ."

ತಿರುಗಿ ಬರುವಾಗ ಬೆಂಚಿನ ಕಡೆ ನೋಡಬಾರದು ಎಂದುಕೊಂಡೇ ನೋಡಿದ. ಹಣೆಗೆ ಮಣ್ಣು ಬಳಿದುಕೊಂಡಿದ್ದವಳು ಅವನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ಬಿಸಿ ಪಾತ್ರೆಯನ್ನು ಕೆಳಗಿಡುವ ಹಾಗೆ ತನ್ನ ನೋಟವನ್ನು ಅವನಿಂದ ಎತ್ತಿ ಮೆಲ್ಲಗೆ ನೆಲದ ಮೇಲಿಟ್ಟಳು. ಕ್ಷಮೆ ಕೇಳಬೇಕಾದದ್ದು ತಾನೋ ಟ್ರೆವರನೋ, ಏನು ಮಾಡಿದ್ದಕ್ಕೆ? ಹೆಸರಿಟ್ಟುಕೊಂಡು ಬದುಕಿದ್ದಕ್ಕೆ? ಪೈ ಶೆಡ್ಡಿನ ಮೇಜಿನ ಮೇಲೆ ಆರಿ, ಕಾಗದದ ಮೇಲೆ ಜಿಡ್ಡಿನ ವೃತ್ತ ಬಿಟ್ಟಿತು.

ಹೊತ್ತು ಇಳಿಯುವ ವೇಳೆಗೆ ಬಲಮಗ್ಗುಲಲ್ಲಿ ಒಂದು ಚೂರೂ ಉಳಿದಿರಲಿಲ್ಲ. ಪೆಂಗೆಲಿ ಅಂಗೈಯಿಂದ ಸವರಿ ನೋಡಿದ, ನುಣ್ಣಗಿತ್ತು. ಸೊಂಟ ಹಿಡಿದುಕೊಂಡು ಹಿಂದೆ ಸರಿದು ಶೆಡ್ಡಿನ ಪಡುವಣ ಬಾಗಿಲನ್ನು ಮೇಲಕ್ಕೆತ್ತಿದ. ಬಿಸಿಲು ಓರೆಯಾಗಿ ಒಳಗೆ ಬಿತ್ತು. ಬಸ್ಸಿನ ಮೇಲೆ ಅವನು ನಿಂತಿದ್ದ.

ಮುಖವಿರಲಿಲ್ಲ. ಕಣ್ಣು, ಬಾಯಿ, ಬಣ್ಣ ಯಾವುದೂ ಇರಲಿಲ್ಲ. ಸುತ್ತಲಿನ ಬಿಳಿ ಬಣ್ಣ ವರ್ಷಗಳ ಮರುಭೂಮಿಯ ಬಿಸಿಲಿಗೆ ಸುಣ್ಣದಂತೆ ಮಂಕಾಗಿ ಹಳದಿಗೆ ತಿರುಗಿತ್ತು. ಅವನ ಅಡಿಯಲ್ಲಿ ಅಡಗಿದ್ದ ಬಣ್ಣ ಮಾತ್ರ ಬಸ್ಸು ಊರಿಗೆ ಬಂದ ದಿನದಷ್ಟೇ ಹೊಸದಾಗಿ ಹೊಳೆಯುತ್ತಿತ್ತು. ತಲೆ, ಭುಜ, ಎತ್ತಿದ ಕೈ, ಐದು ಬೆರಳು. ಕಪ್ಪು ಮನುಷ್ಯನೊಬ್ಬ ಬೆಳ್ಳಗೆ ಹೊಳೆಯುತ್ತ ಕೈ ಎತ್ತಿ ನಿಂತಿದ್ದ. ಪೆಂಗೆಲಿ ಡಬ್ಬಿಯ ಮೇಲೆ ಕೂತ. ಹೀಗಾಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಹಳೆಯ ಅಂಗಡಿಗಳ ಗೋಡೆಯ ಮೇಲೆ ಕಿತ್ತ ಅಕ್ಷರಗಳು ಹೀಗೇ ಉಳಿದಿರುತ್ತವೆ, ಗಿರಾಕಿಗೆ ಮೊದಲೇ ಹೇಳಿಬಿಡಬೇಕು, ಆಮೇಲೆ ತಕರಾರು ಬರುತ್ತದೆ. ಬೆಳಗಿನಿಂದ ಒಂದು ಸಲವೂ ಅದು ನೆನಪಿಗೆ ಬರಲಿಲ್ಲವೆಂದರೆ, ತಾನು ಈ ಮಗ್ಗುಲನ್ನು ನಿಜವಾಗಿ ನೋಡಲೇ ಇಲ್ಲ ಎಂದಾಯಿತು. ಎದ್ದು ಪಾಲಿಶ್ ಹಚ್ಚಿ ಯಂತ್ರದಿಂದ ಉಜ್ಜಿದ. ಸುತ್ತಲಿನ ಬಣ್ಣ ಮೇಲೆದ್ದಷ್ಟೂ ಅವನು ಕಮ್ಮಿಯಾದ. ಸಾಕು ಎಂದು ಯಂತ್ರ ನಿಲ್ಲಿಸಿ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಮತ್ತೆ ಅಲ್ಲೇ ಇದ್ದ. ಎದುರಿಗೆ ನಿಂತರೆ ಕಾಣುವುದಿಲ್ಲ. ಬಿಟ್ಟು ಹೊರಡುವವರಿಗೆ, ಕೊರಳು ತಿರುಗಿಸಿದವರಿಗೆ ಕಾಣುತ್ತಾನೆ.

ಮುಚ್ಚುವುದೊಂದೇ ದಾರಿ. ಅವನಿದ್ದಷ್ಟು ಜಾಗಕ್ಕೆ ತೇಪೆ ಹಾಕಿದರೆ ತೇಪೆಯೇ ಅವನಾಗುತ್ತದೆ. ಚಾಲಕನ ಬಾಗಿಲಿನ ಸಂದಿನಿಂದ ಹಿಂದಿನ ದೀಪದ ಸಂದಿನವರೆಗೆ ಇಡೀ ಮಗ್ಗುಲನ್ನು ಒಂದೇ ಬಿಳಿ ಹಾಳೆಯಲ್ಲಿ ಮುಚ್ಚಬೇಕು. ಗಾಲಿಕುರ್ಚಿಗಳಿಗೆಂದು ಆ ಮಗ್ಗುಲಿನ ಕಿಟಕಿಗಳನ್ನು ಮೊದಲೇ ತಗಡು ಹಾಕಿ ಮುಚ್ಚಿಸಿದ್ದು ಅನುಕೂಲವಾಗಿತ್ತು. ಹಾಳೆ ಇತ್ತು. ಪಾಲಿಶಿನ ಜಿಡ್ಡೆಲ್ಲ ಹೋಗುವಂತೆ ಸ್ಪಿರಿಟ್ಟಿನಿಂದ ಒರೆಸಬೇಕು, ಇಲ್ಲವಾದರೆ ಹಿಡಿಯುವುದಿಲ್ಲ. ಚಳಿಗೆ ಅಂಟು ಸತ್ತಂತಿರುತ್ತದೆ, ಒಲೆ ಹಚ್ಚಿ ತಗಡನ್ನೇ ಬೆಚ್ಚಗೆ ಮಾಡಬೇಕು. ಅದೂ ಸರಿಯೇ. ಆದರೆ ಅಷ್ಟುದ್ದದ ಹಾಳೆಯನ್ನು ಒಬ್ಬನೇ ಎಳೆಯುವುದು ಸಾಧ್ಯವಿಲ್ಲ. ಒಬ್ಬ ಒತ್ತುತ್ತ ಬರಬೇಕು, ಇನ್ನೊಬ್ಬ ಉಳಿದದ್ದನ್ನು ಬಸ್ಸಿಗೆ ತಾಕಗೊಡದೆ ದೂರ ಹಿಡಿದಿರಬೇಕು.

ಲೊರೇನ್ ಬಂದಾಗ ಅವನು ಒರೆಸುತ್ತಿದ್ದ. ಬಾಗಿಲಲ್ಲೇ ಬೆನ್ನು ತಿರುಗಿಸಿ ನಿಂತು, "ಹೋದನಾ?" ಎಂದಳು.

ಪೆಂಗೆಲಿಗೆ ಸುಳ್ಳು ಹೇಳಬಹುದಿತ್ತು. "ಪಟ ಹೋಯ್ತು. ನೆರಳು ಉಳ್ಕೊಂಡಿದೆ."

ಹೊರಗೆ ಹೆದ್ದಾರಿಯಲ್ಲಿ ದನ ತುಂಬಿದ ಮೂರು ಡಬ್ಬಿಯ ಲಾರಿಯೊಂದು ಊರನ್ನೇ ಅಲುಗಿಸುತ್ತ ಹೋಯಿತು. "ಹಟಮಾರಿ," ಎಂದಳು ಲೊರೇನ್. "ಚಿಕ್ಕಂದಿನಿಂದ್ಲೂ ಹಾಗೇ. ಊಟಕ್ಕೆ ಕರೆದ್ರೆ ಬರ್ತಿರ್ಲಿಲ್ಲ, ಹೋಗು ಅಂದ್ರೆ ಹೋಗ್ತಿರ್ಲಿಲ್ಲ."

"ಮುಚ್ತೀನಿ. ಆದ್ರೆ ಹಾಳೆ ಹಿಡ್ಕೊಳ್ಳೋಕೆ ಇನ್ನೊಬ್ರು ಬೇಕು."

"ಯಾರಿದಾರೆ?"

"ಯಾರೂ ಇಲ್ಲ."

ಅವಳು ಹಿಮ್ಮುಖವಾಗಿ ನಡೆಯುತ್ತ, ಹಿಂದೆ ಚಾಚಿದ ಕೈಯಿಂದ ಗಾಳಿಯನ್ನು ತಡವುತ್ತ ಶೆಡ್ಡಿನೊಳಕ್ಕೆ ಬಂದಳು. "ಕೊಡು ಇಲ್ಲಿ. ನೋಡೋದೇನಿದೆ ಹಿಡ್ಕೊಳ್ಳೋಕೆ."

ಹಾಳೆಯ ಎರಡು ಮೂಲೆಗಳನ್ನು ಅವಳ ಭುಜದ ಮೇಲಿಂದ ಎದುರಿಗೆ ತಂದು ಅವಳ ಮುಷ್ಟಿಗಳಿಗೆ ಕೊಟ್ಟ. ಬಸ್ಸಿಗೆ ಬೆನ್ನು ಹಾಕಿ, ಬಿಳಿ ಹಾಳೆಯನ್ನು ಹೆಗಲ ಮೇಲೆ ಹೊತ್ತು, ಅವಳು ಪಡುವಣ ಬಾಗಿಲಾಚೆಯ ಕೆಂಪು ಮಣ್ಣನ್ನು ನೋಡುತ್ತ ನಿಂತಳು. ಹಾಳೆಯ ಬೆನ್ನಿಗಿದ್ದ ಮೇಣದ ಕಾಗದ ಸುಲಿಯುತ್ತ, ನಡುವಿನಿಂದ ಅಂಚಿಗೆ, ಮತ್ತೆ ನಡುವಿನಿಂದ ಅಂಚಿಗೆ, ಬಟ್ಟೆ ಸುತ್ತಿದ ಒತ್ತುವ ಪಟ್ಟಿಯಿಂದ ಪೆಂಗೆಲಿ ಒಂದೊಂದೇ ಗೇಣು ಒತ್ತುತ್ತ ಬಂದ. ಮೊದಲು ಎತ್ತಿದ ಕೈ ಮುಚ್ಚಿತು. "ಒಂದು ಹೆಜ್ಜೆ ಹಿಂದೆ," ಎನ್ನುತ್ತಿದ್ದ, ಅವಳು ಒಂದು ಹೆಜ್ಜೆ ಹಿಂದೆ ಬರುತ್ತಿದ್ದಳು. "ನಿಲ್ಲು. ಬಿಗಿಯಾಗಿ ಎಳೀಬೇಡ, ಎಳೆದ್ರೆ ನಾಳೆ ಅದು ವಾಪಸ್ ಮುದುಡುತ್ತೆ." ಅವಳ ಭುಜಗಳು ಒಮ್ಮೆ ಅಲುಗಿ ಹಾಳೆಯುದ್ದಕ್ಕೂ ಒಂದು ಅಲೆ ಓಡಿ ಬಂದು ಅವನ ಪಟ್ಟಿಗೆ ತಾಗಿತು. ಅಳುತ್ತಿದ್ದಾಳೆ ಎಂದು ಅವನಿಗೆ ತಿಳಿದದ್ದು ಹಾಗೆ. ಅಲೆ ನಿಲ್ಲುವವರೆಗೆ ಒತ್ತುವುದನ್ನು ನಿಲ್ಲಿಸಿದ್ದ. ಆಗ ಒತ್ತಿದ್ದರೆ ಅದು ನೆರಿಗೆಯಾಗಿ ಉಳಿದುಬಿಡುತ್ತಿತ್ತು.

ಮುಗಿದಾಗ ಅವಳು ತಿರುಗಲಿಲ್ಲ. "ಬೆಳಿಗ್ಗೆ ನೋಡ್ತೀನಿ," ಎಂದಳು. ಬೋರಲಾಗಿ ಸುತ್ತಿಟ್ಟಿದ್ದ ಕಾಗದದ ಸುರುಳಿಯನ್ನು ಅವನು ಕೊಟ್ಟಾಗ ಏನೆಂದು ಕೇಳದೆ ಕಂಕುಳಿಗೆ ಇಟ್ಟುಕೊಂಡಳು. "ಮಣ್ಣಿಗೆ ಹಾಕ್ತೀವಿ. ನಾಳೆ ಬಸ್ಸಿಗೆ ಹೊಗೆ ಹಿಡೀಬೇಕು, ಹಸಿ ಸೊಪ್ಪಿಂದು. ಅವನು ಕೂತಿದ್ದ ಜಾಗ ಎಲ್ಲ, ಅಲ್ಲಿಂದ ಎದ್ದು ಹೋಗ್ಲಿ ಅಂತ."

"ಹಿಡೀರಿ. ಬೆಂಕಿ ಡ್ರಮ್ಮನ್ನ ಈ ಮಗ್ಗುಲಿಗೆ ಮಾತ್ರ ತರಬೇಡಿ. ಅಂಟು ಕೂರೋಕೆ ಒಂದು ದಿನ ಬೇಕು."

"ಈ ಸಲ ಒಂದು ದಿನ ಕೊಡೋಣ ಅಂತೀಯ," ಎಂದಳು ಲೊರೇನ್. ಕೆನ್ನೆಯ ಗುಳ್ಳೆ ಏಕೆ ಬಂದಿತ್ತೆಂದು ಇಷ್ಟು ವರ್ಷ ಅವಳಿಗೂ ಗೊತ್ತಿತ್ತು, ಹಾಗಾದರೆ ಹೋದವನಿಗೂ ಗೊತ್ತಿತ್ತು.

ಉಳಿದ ಬಿಳಿಯ ತುಂಡೊಂದನ್ನು ಹಿಡಿದು ಏಣಿ ಹತ್ತಿ ಅವನು ತನ್ನ ಬಾಗಿಲ ಮೇಲಿನ ಹೆಸರನ್ನು ಮುಚ್ಚಿದ. ರಸ್ತೆಯಾಚೆಗೇ ಕಿಡ್ನಿ ರೋಗಿಗಳು ಇರುವ ವಸತಿಗೃಹ. ಹೋದವನ ತಾಯಿ, ಆ ಮುದುಕಿ, ಇರುವುದು ಅಲ್ಲಿ. ಕೆಳಗಿನಿಂದ ಲೊರೇನ್, "ನಾ ಕೇಳಿರ್ಲಿಲ್ಲ," ಎಂದಳು.

"ಗೊತ್ತು."

"ಗಿರಾಕಿಗಳು ಏನಂತ ಕರೀತಾರೆ ಇನ್ನು?"

"ಏ ಬೋರ್ಡು ಅಂತಾರೆ."

ಅವಳಿಗೆ ಫಕ್ಕನೆ ನಗು ಬಂತು. ಕೂಡಲೇ, ನಗಬಾರದ ದಿನ ಎಂದು ನೆನಪಾದವಳಂತೆ ಕೈಯಿಂದ ಬಾಯಿ ಮುಚ್ಚಿಕೊಂಡು ಹೋದಳು.

ಬೆಳಿಗ್ಗೆ ಬಸ್ಸನ್ನು ಶೆಡ್ಡಿನ ಮುಂದೆ ರಸ್ತೆಯ ಅಂಚಿಗೆ ನಿಲ್ಲಿಸಿ, ಎಲ್ಲ ಬಾಗಿಲು ತೆರೆದು ಹೊಗೆ ಹಿಡಿದರು. ಎಲೆಯ ಎಣ್ಣೆಯ ಕಂಪು ಸೀಟುಗಳ ನಡುವೆ ತುಂಬಿ ಕಿಟಕಿಯಿಂದ ಸುರಿಯಿತು. ಪೆಂಗೆಲಿ ಎಡಗಡೆಯ ಹಿಂಬಾಗಿಲಿನ ಬಳಿ ಗಾಲಿಕುರ್ಚಿಯ ಯಂತ್ರವನ್ನು ಇಳಿಸಿ ನಿಂತಿದ್ದ. ಎದುರಿನ ವಸತಿಗೃಹದಿಂದ ಇಬ್ಬರು ಹೆಂಗಸರು ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ರಸ್ತೆ ದಾಟಿದರು. ಅವರು ಬರುವುದು ಬಸ್ಸಿನ ಬಲಮಗ್ಗುಲಿನ ಎದುರಿಗೇ. ಬಸ್ಸಿನಡಿಯಿಂದ ಗಾಲಿಗಳು ನಿಂತದ್ದು ಅವನಿಗೆ ಕಂಡಿತು. ಬೆಳಗಿನ ಬಿಸಿಲು ಈಗ ಆ ಕಡೆಯಿಂದ, ಓರೆಯಾಗಿ ಬೀಳುತ್ತಿರಬೇಕು. ಗಾಲಿಗಳು ಮತ್ತೆ ಉರುಳಿದವು. ಅವಳು ನೋಡಿದ್ದಳು, ಏನೂ ಕಂಡಿರಲಿಲ್ಲ.

ಕುರ್ಚಿ ಬಸ್ಸಿನ ಹಿಂದಿನಿಂದ ಸುತ್ತಿ ಈ ಕಡೆಗೆ ಬಂತು. ಮುದುಕಿ ಅವನನ್ನು ಕಂಡಳು. ಕೈ ಎತ್ತಿ ಗಾಲಿ ಹಿಡಿದಳು.

ಅವಳು ಮುಖ ಪಕ್ಕಕ್ಕೆ ತಿರುಗಿಸಿ ತನ್ನ ಭಾಷೆಯಲ್ಲಿ, ಬಹಳ ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ಲೊರೇನ್ ಹತ್ತಿರ ಬಂದು ಪೆಂಗೆಲಿಯ ತೋಳು ಮುಟ್ಟಿದಳು.

"ಕುಮನ್ಜಾಯಿ, ಬೇಜಾರು ಮಾಡ್ಕೋಬೇಡ. ಸ್ವಲ್ಪ ಆ ಕಡೆ ಹೋಗಿ ನಿಂತ್ಕೋ."

"ಹೆಸರು ಮುಚ್ಚಿದೀನಲ್ಲ ಲೊರೇನ್."

"ಬೋರ್ಡಲ್ಲಪ್ಪಾ. ನೀನು." ಅವಳು ನೆಲ ನೋಡಿದಳು. "ಇಬ್ರೂ ಒಟ್ಟಿಗೆ ಇದ್ದಾಗ ಒಂದೇ ಸಲ ಕೂಗಿ, ಇಬ್ರೂ ತಿರುಗಿದ್ರೆ ನಗ್ತಿದ್ಳಲ್ಲ. ನಿನ್ನ ನೋಡಿದ್ರೆ ಈಗ ಆ ಹೆಸ್ರು ಬಾಯಿಗೆ ಬರತ್ತಂತೆ. ಕರೆದುಬಿಟ್ರೆ ಅವನು ಹೋಗೋ ದಾರೀಲಿ ತಿರುಗಿ ನೋಡ್ತಾನೆ. ಆಮೇಲೆ ಹೋಗಲ್ಲ."

ಅವನು ಹೂಂ ಎಂದ. ಬಸ್ಸಿನ ಮುಂದಿನಿಂದ ಸುತ್ತಿ, ಹೊಗೆಯ ಕೊನೆಯ ಎಳೆಗಳನ್ನು ದಾಟಿ ಬಲಮಗ್ಗುಲಿಗೆ ಬಂದ. ರಸ್ತೆಯಲ್ಲಿ ಯಾರೂ ಇರಲಿಲ್ಲ. ಎಲ್ಲಿ ನಿಂತರೂ ಕಿಟಕಿಯಿಂದಲೋ ಹಿಂದಿನ ಗಾಜಿನಿಂದಲೋ ಕಂಡುಬಿಡುತ್ತೇನೆ ಅನ್ನಿಸಿ, ನಡುವೆ, ಬಿಳಿ ಹಾಳೆಗೆ ಒರಗಿ ನಿಂತ. ಹಾಳೆ ಇನ್ನೂ ತಣ್ಣಗಿತ್ತು. ಯಂತ್ರ ಮೊರೆಯಿತು, ಮುದುಕಿಯ ಭಾರ ಒಂದೊಂದೇ ಇಂಚು ಮೇಲೇರುವುದು, ಬಸ್ಸು ಅವಳನ್ನು ಒಳಗೆ ತೆಗೆದುಕೊಂಡು ಎಡಕ್ಕೆ ತುಸು ವಾಲಿ ಮತ್ತೆ ನೆಟ್ಟಗಾಗುವುದು ಅವನ ಬೆನ್ನಿಗೆ ತಿಳಿಯಿತು. ಕುರ್ಚಿಯನ್ನು ನೆಲಕ್ಕೆ ಬಿಗಿದ ಕೊಂಡಿಗಳ ಸದ್ದು. ಬಾಗಿಲು ಮುಚ್ಚಿದ ಸದ್ದು. ಅವಳು ಹತ್ತಿದ್ದಳು. ಬೆನ್ನ ಹಿಂದೆ, ತಗಡಿನ ಆಚೆಗೆ, ಒಂದು ಮೊಳದ ದೂರದಲ್ಲಿ ಯಾರೋ ನಿಟ್ಟುಸಿರಿಟ್ಟರು.

ಇಂಜಿನ್ ಶುರುವಾಯಿತು. ಅವನು ಮೈ ಬಿಡಿಸಿಕೊಂಡು ಅರ್ಧ ಹೆಜ್ಜೆ ಮುಂದೆ ನಿಂತ. ಬಸ್ಸು ಬೆನ್ನಿನ ಹಿಂದಿನಿಂದ ಜಾರಿಕೊಂಡು ಹೋಗುವುದು, ಆಸರೆ ತಪ್ಪಿ ತಣ್ಣನೆಯ ಗಾಳಿ ಕತ್ತಿಗೆ ತಾಗುವುದು ಗೊತ್ತಾಯಿತು. ಈಗ ಬಯಲಲ್ಲಿ ಅವನೊಬ್ಬನೇ. ಹಿಂದಿನ ಗಾಜಿಗೆ ಹತ್ತಿರವೇ ಅವಳ ಕುರ್ಚಿ, ಅವನು ತಿರುಗಿದರೆ ಮುಖ ಅವಳಿಗೆ ಕಾಣುತ್ತದೆ. ಸ್ವಲ್ಪ ದೂರ ಹೋದ ಮೇಲೆ, ಊರಿನ ಕೊನೆಯ ತಿರುವಿನಲ್ಲಿರಬೇಕು, ಲೊರೇನ್ ಎರಡು ಸಲ ಚಿಕ್ಕದಾಗಿ ಹಾರ್ನ್ ಒತ್ತಿದಳು. ಅವನ ಕೊರಳು ತಾನಾಗಿ ತಿರುಗಲು ಹೊರಟಿತು. ಕಣ್ಣು ಮುಚ್ಚಿದ. ಅದನ್ನು ಅಲ್ಲೇ ಹಿಡಿದು ನಿಲ್ಲಿಸಿದ. ಬಸ್ಸಿನ ಸದ್ದು ಹೆದ್ದಾರಿಗೆ ಏರಿತು, ತೆಳುವಾಯಿತು, ಗಾಳಿಯೊಳಗೆ ಬೆರೆಯಿತು. ಆಮೇಲೂ ಅವನು ತಿರುಗಲಿಲ್ಲ.